ಚಿಟಿಕೆ ಅರಿಶಿನ, ಚಮಚ ಮೆಂತ್ಯ: ಅಡುಗೆಮನೆಯ ಮದ್ದಿಗೆ ಪುರಾವೆ ಎಷ್ಟು, ಮಿತಿ ಎಲ್ಲಿ?

ಮಾಜಿ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು 2024ರ ನವೆಂಬರ್ 21ರಂದು ಪತ್ರಿಕಾಗೋಷ್ಠಿ ಕರೆದು, ನಾಲ್ಕನೇ ಹಂತದ ಕ್ಯಾನ್ಸರ್‌ಗೆ ತುತ್ತಾಗಿದ್ದ ತಮ್ಮ ಪತ್ನಿ ಚೇತರಿಸಿಕೊಳ್ಳುವುದರಲ್ಲಿ ಹಸಿ ಅರಿಶಿನ, ಬೇವಿನೆಲೆ, ನಿಂಬೆರಸ ಮತ್ತು ಸಕ್ಕರೆ ಬಿಟ್ಟ ಊಟದ ಪಾತ್ರ ದೊಡ್ಡದೆಂದು ಹೇಳಿದರು. ಎರಡೇ ದಿನಗಳಲ್ಲಿ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ಹಾಲಿ ಮತ್ತು ಮಾಜಿ ಕ್ಯಾನ್ಸರ್ ತಜ್ಞರು, ಒಟ್ಟು 262 ಮಂದಿ, ಸಹಿ ಹಾಕಿದ ಹೇಳಿಕೆ ಹೊರಬಂತು. ಅರಿಶಿನ ಮತ್ತು ಬೇವಿನಿಂದ ಕ್ಯಾನ್ಸರ್ ಗುಣವಾಗುತ್ತದೆ ಎನ್ನಲು ಉತ್ತಮ ಗುಣಮಟ್ಟದ ಪುರಾವೆಯಿಲ್ಲ, ಇಂಥ ಮಾತು ನಂಬಿ ಯಾರೂ ಚಿಕಿತ್ಸೆಯನ್ನು ಮುಂದೂಡಬಾರದು ಎಂಬುದು ಅದರ ಸಾರಾಂಶ. ಪತ್ನಿಗೆ ಶಸ್ತ್ರಚಿಕಿತ್ಸೆ ಮತ್ತು ಕೀಮೋಥೆರಪಿ ಕೂಡ ನಡೆದಿತ್ತೆಂಬುದು ಚರ್ಚೆಗೆ ಬಂದ ಮೇಲೆ, ಆಹಾರಕ್ರಮವನ್ನು ಚಿಕಿತ್ಸೆಗೆ ಪೂರಕವೆಂದು ಮಾತ್ರ ತಿಳಿಯಬೇಕೆಂದು ಸಿಧು ಸ್ಪಷ್ಟನೆ ಕೊಟ್ಟರು.

ವಿಷಯ ಅಲ್ಲಿಗೇ ಮುಗಿದಿದ್ದರೆ ಗೊಂದಲಕ್ಕೆ ಎಡೆಯಿರಲಿಲ್ಲ. ಆದರೆ ಅದೇ ವರ್ಷದ ಫೆಬ್ರವರಿಯಲ್ಲಿ ಮದ್ರಾಸ್ ಐಐಟಿಯ ಸಂಶೋಧಕರು ಭಾರತೀಯ ಸಾಂಬಾರ ಪದಾರ್ಥಗಳಿಂದ ತಯಾರಿಸಿದ ಕ್ಯಾನ್ಸರ್ ನ್ಯಾನೋ ಔಷಧಿಗಳಿಗೆ ಪೇಟೆಂಟ್ ಪಡೆದ ಸುದ್ದಿ ಎಲ್ಲ ಪತ್ರಿಕೆಗಳಲ್ಲಿಯೂ ಬಂದಿತ್ತು. ಅದಕ್ಕೂ ಕೆಲವು ತಿಂಗಳ ಹಿಂದೆ, 2023ರ ಆಗಸ್ಟ್‌ನಲ್ಲಿ, ಆಸ್ಟ್ರೇಲಿಯಾದ ಔಷಧ ನಿಯಂತ್ರಣ ಸಂಸ್ಥೆಯು ಅರಿಶಿನ ಹಾಗೂ ಅದರ ಮುಖ್ಯ ರಾಸಾಯನಿಕವಾದ ಕರ್ಕ್ಯುಮಿನ್ ಇರುವ ಮಾತ್ರೆಗಳಿಂದ ಯಕೃತ್ತಿಗೆ ಹಾನಿಯಾಗಬಹುದೆಂದು ಎಚ್ಚರಿಸಿತ್ತು. ಒಂದೇ ಬೇರು ಒಂದು ಸುದ್ದಿಯಲ್ಲಿ ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತದೆ, ಇನ್ನೊಂದರಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ, ಮತ್ತೊಂದರಲ್ಲಿ ಯಕೃತ್ತನ್ನು ಕೆಡಿಸುತ್ತದೆ. ಮಧುಮೇಹ, ರಕ್ತದೊತ್ತಡ, ಕೀಲುನೋವುಗಳೊಂದಿಗೆ ವರ್ಷಗಟ್ಟಲೆ ಬದುಕಬೇಕಾದ ಓದುಗರು ಇವುಗಳಲ್ಲಿ ಯಾವುದನ್ನು ನಂಬಬೇಕು?

ಮೂರೂ ಸುದ್ದಿಗಳು ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಇವೆ ಎಂಬುದು ಈ ಲೇಖನದ ನಿಲುವು. ಒಂದು ರೂಪದ ಪದಾರ್ಥದ ಮೇಲೆ, ಒಂದು ಪ್ರಮಾಣದಲ್ಲಿ ಸಿಕ್ಕಿದ ಪುರಾವೆಯನ್ನು ಇನ್ನೊಂದು ರೂಪಕ್ಕೆ, ಇನ್ನೊಂದು ಪ್ರಮಾಣಕ್ಕೆ ಸದ್ದಿಲ್ಲದೆ ಸಾಗಿಸಿದಾಗ ಗೊಂದಲ ಹುಟ್ಟುತ್ತದೆ.

ಮೂರು ರೂಪ, ಮೂರು ಲೆಕ್ಕ

ಅರಿಶಿನದ ಹಳದಿ ಬಣ್ಣಕ್ಕೂ ಅದರ ಔಷಧೀಯ ಖ್ಯಾತಿಗೂ ಕಾರಣವಾದ ಮುಖ್ಯ ರಾಸಾಯನಿಕ ಕರ್ಕ್ಯುಮಿನ್. ಸಾಮಾನ್ಯ ಅರಿಶಿನಪುಡಿಯಲ್ಲಿ ಅದು ತೂಕದ ಶೇ 3ರ ಆಸುಪಾಸಿನಲ್ಲಿರುತ್ತದೆ. ಭಾರತೀಯರು ದಿನಕ್ಕೆ ಸರಾಸರಿ ಎರಡರಿಂದ ಎರಡೂವರೆ ಗ್ರಾಂ ಅರಿಶಿನ ಬಳಸುತ್ತಾರೆಂಬ ಪ್ರಚಲಿತ ಅಂದಾಜನ್ನು ಒಪ್ಪಿದರೆ, ಸಾರು, ಪಲ್ಯ, ಗೊಜ್ಜುಗಳ ಮೂಲಕ ಹೊಟ್ಟೆಗೆ ಸೇರುವ ಕರ್ಕ್ಯುಮಿನ್ 60ರಿಂದ 100 ಮಿಲಿಗ್ರಾಂ. ಇದು ಅರಿಶಿನದ ಮೊದಲ ರೂಪ: ಅಡುಗೆ.

ಎರಡನೆಯದು ಕ್ಯಾಪ್ಸೂಲ್. ಅರಿಶಿನದಿಂದ ಕರ್ಕ್ಯುಮಿನ್ ಅನ್ನು ಬೇರ್ಪಡಿಸಿ ಸಾಂದ್ರಗೊಳಿಸಿ, 500 ಅಥವಾ 1000 ಮಿಲಿಗ್ರಾಂ ತುಂಬಿ ಮಾರುವ ಗುಳಿಗೆಗಳು ಔಷಧಿ ಅಂಗಡಿಗಳಲ್ಲಿಯೂ ಆನ್‌ಲೈನ್ ಮಾರುಕಟ್ಟೆಯಲ್ಲಿಯೂ ಚೀಟಿಯಿಲ್ಲದೆ ಸಿಗುತ್ತವೆ. ಆಹಾರಕ್ಕೆ ಸೇರಿಸುವ ಬಣ್ಣವಾಗಿ ಕರ್ಕ್ಯುಮಿನ್‌ಗೆ ಅಂತರರಾಷ್ಟ್ರೀಯ ತಜ್ಞ ಸಮಿತಿಯು ನಿಗದಿಪಡಿಸಿರುವ ದೈನಂದಿನ ಮಿತಿ ದೇಹತೂಕದ ಕಿಲೋಗೆ 3 ಮಿಲಿಗ್ರಾಂ, ಅಂದರೆ 60 ಕಿಲೋ ತೂಕದವರಿಗೆ 180 ಮಿಲಿಗ್ರಾಂ. ಊಟದ ಅರಿಶಿನ ಈ ಗೆರೆಯ ಒಳಗೇ ಉಳಿಯುತ್ತದೆ. ಒಂದೇ ಒಂದು ಗುಳಿಗೆ ಅದನ್ನು ಹಲವು ಪಟ್ಟು ದಾಟುತ್ತದೆ.

ಮೂರನೆಯ ರೂಪ ಪ್ರಯೋಗಾಲಯದ್ದು. ಮದ್ರಾಸ್ ಐಐಟಿಯ ಸುದ್ದಿಯಲ್ಲಿದ್ದದ್ದು ಈ ಮೂರನೆಯ ಬಗೆಯ ವಸ್ತು: ಸಾಂಬಾರ ಪದಾರ್ಥಗಳ ಅಂಶಗಳನ್ನು ಅತಿಸೂಕ್ಷ್ಮ ಕಣಗಳ ರೂಪಕ್ಕೆ ತಂದು, ಪ್ರಯೋಗಾಲಯದಲ್ಲಿ ಬೆಳೆಸಿದ ಶ್ವಾಸಕೋಶ, ಸ್ತನ, ಕರುಳು ಮುಂತಾದ ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷಿಸಿದ್ದು. ಮನುಷ್ಯರ ಮೇಲಿನ ಪ್ರಯೋಗಗಳು ಅದರ ನಂತರದ ಹಂತ. 2028ರ ವೇಳೆಗೆ ಔಷಧಿ ಮಾರುಕಟ್ಟೆಗೆ ಬರಬಹುದೆಂಬ ನಿರೀಕ್ಷೆಯೂ ಅದೇ ಸುದ್ದಿಯಲ್ಲಿತ್ತು, ಆದರೆ ತಟ್ಟೆಯಲ್ಲಿಟ್ಟು ಬೆಳೆಸಿದ ಕೋಶವನ್ನು ಕೊಲ್ಲುವ ಪದಾರ್ಥಗಳು ಅಸಂಖ್ಯ, ಅವುಗಳಲ್ಲಿ ರೋಗಿಗೆ ಮದ್ದಾಗಿ ಉಳಿಯುವುದು ಬೆರಳೆಣಿಕೆಯಷ್ಟು. ಆ ಸುದ್ದಿಯ ತಲೆಬರಹ ಓದಿದವರು ಹಾಲಿಗೆ ಇನ್ನೊಂದು ಚಮಚ ಅರಿಶಿನ ಬೆರೆಸಿಕೊಂಡರೆ, ಅವರು ಮೂರನೆಯ ರೂಪದ ಪುರಾವೆಯನ್ನು ಮೊದಲನೆಯ ರೂಪಕ್ಕೆ ಹಚ್ಚಿದಂತಾಯಿತು.

ಬೆಂಗಳೂರಿನ ಪ್ರಯೋಗ ಮತ್ತು ಅದರ ಎರಡು ಮುಖ

ಅರಿಶಿನದ ಜೊತೆ ಕಾಳುಮೆಣಸು ಸೇರಿಸಿದರೆ ಪರಿಣಾಮ 20 ಪಟ್ಟು ಹೆಚ್ಚುತ್ತದೆ ಎಂಬ ಮಾತನ್ನು ಇಂದು ಜಗತ್ತಿನ ಮೂಲೆಮೂಲೆಯ ಆರೋಗ್ಯ ಅಂಕಣಗಳಲ್ಲಿ ಕಾಣಬಹುದು. ಅದರ ಮೂಲ ಬೆಂಗಳೂರಿನಲ್ಲಿದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಆರೋಗ್ಯವಂತ ಸ್ವಯಂಸೇವಕರಿಗೆ 2 ಗ್ರಾಂ ಶುದ್ಧ ಕರ್ಕ್ಯುಮಿನ್ ಕೊಟ್ಟಾಗ ಅವರ ರಕ್ತದಲ್ಲಿ ಅದು ಬಹುತೇಕ ಪತ್ತೆಯೇ ಆಗಲಿಲ್ಲ. ಅದರೊಂದಿಗೆ ಕಾಳುಮೆಣಸಿನ ಖಾರದ ಅಂಶವಾದ ಪೈಪರಿನ್ ಅನ್ನು 20 ಮಿಲಿಗ್ರಾಂ ಸೇರಿಸಿದಾಗ ಲಭ್ಯತೆ ಶೇ 2000ದಷ್ಟು ಏರಿತು.

ಈ ಅಂಕಿಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ಅದರ ಹಿಂದಿನ ಮೊದಲ ವಾಕ್ಯವನ್ನು ಉಲ್ಲೇಖಿಸುವವರು ಕಡಿಮೆ. ಎರಡು ಗ್ರಾಂ ಕರ್ಕ್ಯುಮಿನ್ ಎಂದರೆ ಸುಮಾರು 65 ಗ್ರಾಂ ಅರಿಶಿನಪುಡಿಗೆ ಸಮ. ಅಷ್ಟು ಕೊಟ್ಟರೂ ರಕ್ತಕ್ಕೆ ಸೇರದ ವಸ್ತು ಸಾರಿನ ಚಿಟಿಕೆ ಅರಿಶಿನದಿಂದ ಎಷ್ಟು ಸೇರೀತು? ಪೈಪರಿನ್ ಸೇರಿಸಿದಾಗಲೂ ಏರಿಕೆ ಕಂಡದ್ದು ಮೊದಲ ಒಂದು ಗಂಟೆಯ ಅವಧಿಯಲ್ಲಿ. ಶೂನ್ಯದ ಹತ್ತಿರವಿರುವುದನ್ನು ಇಪ್ಪತ್ತರಿಂದ ಗುಣಿಸಿದರೂ ದೊಡ್ಡ ಸಂಖ್ಯೆ ಬರುವುದಿಲ್ಲ.

ಪೈಪರಿನ್ ಈ ಏರಿಕೆಯನ್ನು ಹೇಗೆ ಸಾಧಿಸುತ್ತದೆ ಎಂಬುದು ಇನ್ನೂ ಮುಖ್ಯ. ನಾವು ನುಂಗಿದ ಹೊರಗಿನ ರಾಸಾಯನಿಕಗಳನ್ನು ಕರುಳು ಮತ್ತು ಯಕೃತ್ತುಗಳು ಕೆಲವು ಕಿಣ್ವಗಳ ನೆರವಿನಿಂದ ಒಡೆದು ಹೊರಹಾಕುತ್ತವೆ. ಪೈಪರಿನ್ ಈ ಕಿಣ್ವಗಳ ಕೆಲಸಕ್ಕೆ ತಾತ್ಕಾಲಿಕವಾಗಿ ತಡೆಯೊಡ್ಡುವುದರಿಂದ ಕರ್ಕ್ಯುಮಿನ್ ಹೆಚ್ಚು ಹೊತ್ತು ಉಳಿಯುತ್ತದೆ. ಆದರೆ ಆ ಕಿಣ್ವಗಳು ಕರ್ಕ್ಯುಮಿನ್‌ಗೆಂದೇ ಮೀಸಲಾದವುಗಳಲ್ಲ. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನೊಲಾಲ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಮುಂತಾದ ಔಷಧಿಗಳ ಮಟ್ಟವೂ ರಕ್ತದಲ್ಲಿ ಏರುವುದನ್ನು ಅಧ್ಯಯನಗಳು ತೋರಿಸಿವೆ. ದೀರ್ಘಕಾಲದ ಕಾಯಿಲೆಯವರು ಬಹುತೇಕ ಯಾವುದಾದರೊಂದು ಮಾತ್ರೆಯನ್ನು ಪ್ರತಿದಿನ ನುಂಗುತ್ತಲೇ ಇರುತ್ತಾರಾದ್ದರಿಂದ, ಪೈಪರಿನ್ ಬೆರೆಸಿದ ಅರಿಶಿನದ ಗುಳಿಗೆ ಅವರ ವೈದ್ಯರು ಎಣಿಸಿ ನಿಗದಿಪಡಿಸಿದ ಪ್ರಮಾಣವನ್ನು ಯಾರಿಗೂ ತಿಳಿಯದಂತೆ ಬದಲಿಸಬಹುದು.

ಇದೇ ಗುಣವನ್ನು ಶಿಸ್ತಿನಿಂದ ಬಳಸಿಕೊಂಡ ಉದಾಹರಣೆಯೂ ನಮ್ಮ ದೇಶದಲ್ಲಿಯೇ ಇದೆ. ಕ್ಷಯರೋಗದ ಔಷಧಿ ರಿಫಾಂಪಿಸಿನ್ ಅನ್ನು ಸಾಮಾನ್ಯವಾಗಿ 450 ಮಿಲಿಗ್ರಾಂ ಕೊಡಬೇಕಾದಲ್ಲಿ, 10 ಮಿಲಿಗ್ರಾಂ ಪೈಪರಿನ್ ಸೇರಿಸಿ 200 ಮಿಲಿಗ್ರಾಂಗೆ ಇಳಿಸಿದ ರಿಸೋರಿನ್ ಎಂಬ ಸಂಯುಕ್ತ ಔಷಧಿ, ಜಮ್ಮುವಿನ ಸರ್ಕಾರಿ ಸಂಶೋಧನಾ ಸಂಸ್ಥೆಯ ಸಹಯೋಗದಲ್ಲಿ ಸಿದ್ಧವಾಗಿ 2009ರಲ್ಲಿ ಮಾರುಕಟ್ಟೆಗೆ ಬಂತು. ಕಾಳುಮೆಣಸು ಮದ್ದಾದದ್ದು ಹೀಗೆ: ಅಳತೆ ಗೊತ್ತಾಗಿ, ಜೊತೆಗಾರ ಔಷಧಿ ಗೊತ್ತಾಗಿ, ರೋಗಿಗಳ ಮೇಲಿನ ಪರೀಕ್ಷೆ ಮುಗಿದ ಮೇಲೆ.

ಯಕೃತ್ತಿನ ಎಚ್ಚರಿಕೆ ಯಾರಿಗೆ?

ಆಸ್ಟ್ರೇಲಿಯಾದ ಎಚ್ಚರಿಕೆಗೆ ಆಧಾರವಾದದ್ದು ಅರಿಶಿನದ ಉತ್ಪನ್ನಗಳನ್ನು ಸೇವಿಸಿದವರಲ್ಲಿ ಯಕೃತ್ತಿನ ತೊಂದರೆ ಕಂಡುಬಂದ 18 ವರದಿಗಳು. ಅಮೆರಿಕದಲ್ಲಿ ಔಷಧಿಗಳಿಂದಾಗುವ ಯಕೃತ್ತಿನ ಹಾನಿಯನ್ನು ದಾಖಲಿಸುವ ವೈದ್ಯರ ಜಾಲವು ಇಂಥ 10 ಪ್ರಕರಣಗಳನ್ನು ವಿವರವಾಗಿ ಪರಿಶೀಲಿಸಿತು. ಐವರು ಆಸ್ಪತ್ರೆಗೆ ದಾಖಲಾಗಿದ್ದರು, ಒಬ್ಬರು ಯಕೃತ್ತು ಸಂಪೂರ್ಣ ವಿಫಲವಾಗಿ ಮೃತಪಟ್ಟಿದ್ದರು. ಹತ್ತರಲ್ಲಿ ಏಳು ಮಂದಿಯಲ್ಲಿ ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ಒಂದು ನಿರ್ದಿಷ್ಟ ವಂಶವಾಹಿ ಪ್ರಭೇದ ಇದ್ದದ್ದು ಗಮನಾರ್ಹ. ಅಂದರೆ ಈ ಹಾನಿ ಎಲ್ಲರಿಗೂ ಸಮನಾಗಿ ಆಗುವ ವಿಷದ ಪರಿಣಾಮದಂತಿಲ್ಲ. ಕೆಲವರ ದೇಹ ಮಾತ್ರ ಅದಕ್ಕೆ ಅತಿಯಾಗಿ ಪ್ರತಿಕ್ರಿಯಿಸುತ್ತದೆ, ಆ ಕೆಲವರು ಯಾರೆಂದು ಮುಂಚಿತವಾಗಿ ಹೇಳಲಾಗದು.

ಆಸ್ಟ್ರೇಲಿಯಾದ ಸಂಸ್ಥೆ ತನ್ನ ಹೇಳಿಕೆಯಲ್ಲಿಯೇ, ಆಹಾರದಲ್ಲಿ ಸಾಮಾನ್ಯವಾಗಿ ಬಳಸುವ ಪ್ರಮಾಣದ ಅರಿಶಿನಕ್ಕೆ ಈ ಅಪಾಯ ಸಂಬಂಧಿಸಿದಂತೆ ಕಾಣುವುದಿಲ್ಲ ಎಂದು ಬಿಡಿಸಿ ಹೇಳಿತ್ತು. ನಮ್ಮಲ್ಲಿ ಸುದ್ದಿ ಹರಡುವಾಗ ಈ ವಾಕ್ಯ ಕಳೆದುಹೋಯಿತು. ಪರಿಣಾಮವಾಗಿ ಒಂದು ಗುಂಪು ಇದನ್ನು ವಿದೇಶಿ ಔಷಧ ಕಂಪನಿಗಳ ಪಿತೂರಿಯೆಂದು ತಳ್ಳಿಹಾಕಿತು, ಇನ್ನೊಂದು ಗುಂಪು ಒಗ್ಗರಣೆಗೆ ಅರಿಶಿನ ಹಾಕಲೂ ಹೆದರಿತು. ಎಚ್ಚರಿಕೆಯನ್ನು ಗಮನಿಸಬೇಕಾಗಿದ್ದ ಮೂರನೆಯ ಗುಂಪು, ಅಂದರೆ ಗುಳಿಗೆ ನುಂಗುವವರು, ಇವೆರಡರ ಗದ್ದಲದಲ್ಲಿ ಮರೆಯಾದರು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವ ಹೃದ್ರೋಗಿಗಳು ಈ ಗುಂಪಿನಲ್ಲಿಯೇ ಹೆಚ್ಚು ಎಚ್ಚರದಿಂದಿರಬೇಕಾದವರು. ವಾರ್ಫರಿನ್ ಜೊತೆ ಅರಿಶಿನದ ಉತ್ಪನ್ನ ಸೇವಿಸಿದವರೊಬ್ಬರಲ್ಲಿ ರಕ್ತಸ್ರಾವದ ಅಪಾಯ ವಿಪರೀತ ಏರಿದ ಪ್ರಕರಣವನ್ನು ನ್ಯೂಜಿಲೆಂಡ್‌ನ ನಿಯಂತ್ರಣ ಸಂಸ್ಥೆ 2018ರಲ್ಲಿ ಪ್ರಕಟಿಸಿತ್ತು.

ಮೆಂತ್ಯಕ್ಕೆ ಆಧಾರವಿದೆ, ಆದರೆ ಚಮಚಕ್ಕಲ್ಲ

ಮಧುಮೇಹದ ವಿಷಯದಲ್ಲಿ ಅಡುಗೆಮನೆಯ ಪದಾರ್ಥಗಳ ಪೈಕಿ ಗಟ್ಟಿ ನೆಲೆಯ ಮೇಲೆ ನಿಂತಿರುವುದು ಮೆಂತ್ಯ, ಮತ್ತು ಅದರ ಅಧ್ಯಯನ ನಡೆದದ್ದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯಲ್ಲಿ. ಅಲ್ಲಿನ ವಿಜ್ಞಾನಿಗಳು 1990ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಮೊದಲ ಬಗೆಯ ಮಧುಮೇಹದ ಅಲ್ಪಸಂಖ್ಯೆಯ ರೋಗಿಗಳಿಗೆ, ಇನ್ಸುಲಿನ್ ಚಿಕಿತ್ಸೆಯ ಜೊತೆಗೇ, ಜಿಡ್ಡು ತೆಗೆದ ಮೆಂತ್ಯಪುಡಿಯನ್ನು ದಿನಕ್ಕೆ 100 ಗ್ರಾಂನಂತೆ ಹತ್ತು ದಿನ ಕೊಟ್ಟಾಗ, ಮೂತ್ರದಲ್ಲಿ ಹೋಗುವ ಸಕ್ಕರೆ ಶೇ 54ರಷ್ಟು ಇಳಿಯಿತು. ಎರಡನೆಯ ಬಗೆಯ ಮಧುಮೇಹಿಗಳ ಮೇಲಿನ ಮುಂದಿನ ಅಧ್ಯಯನಗಳಲ್ಲಿ ದಿನಕ್ಕೆ 25 ಗ್ರಾಂ ಬಳಸಲಾಯಿತು, ಅಲ್ಲಿಯೂ ಸಕ್ಕರೆಯ ಮಟ್ಟ ಇಳಿಯಿತು.

ಪರಿಣಾಮಕ್ಕೆ ಕಾರಣವೂ ತಕ್ಕಮಟ್ಟಿಗೆ ಸ್ಪಷ್ಟ. ಮೆಂತ್ಯಕಾಳಿನ ಸುಮಾರು ಅರ್ಧ ಭಾಗ ನಾರು. ಅದರಲ್ಲಿ ದೊಡ್ಡ ಪಾಲು ನೀರಿನಲ್ಲಿ ಊದಿಕೊಂಡು ಲೋಳೆಯಾಗುವ ಗ್ಯಾಲಕ್ಟೋಮನ್ನಾನ್. ಈ ಲೋಳೆ ಊಟದೊಂದಿಗೆ ಬೆರೆತಾಗ ಹೊಟ್ಟೆ ಖಾಲಿಯಾಗುವ ವೇಗ ತಗ್ಗುತ್ತದೆ, ಪಿಷ್ಟ ಜೀರ್ಣವಾಗಿ ಸಕ್ಕರೆಯಾಗಿ ರಕ್ತಕ್ಕೆ ಇಳಿಯುವುದು ನಿಧಾನವಾಗುತ್ತದೆ, ಊಟದ ನಂತರದ ಏರಿಕೆ ಚಪ್ಪಟೆಯಾಗುತ್ತದೆ. ಇದರಿಂದ ಎರಡು ಮಾತು ಹೊರಡುತ್ತವೆ. ಮೆಂತ್ಯ ಕೆಲಸ ಮಾಡಬೇಕಾದರೆ ಅದು ಊಟದ ಜೊತೆ ಹೊಟ್ಟೆಯಲ್ಲಿರಬೇಕು. ರಾತ್ರಿ ನೆನೆಹಾಕಿ ಬೆಳಗ್ಗೆ ನೀರನ್ನಷ್ಟೇ ಕುಡಿದು ಕಾಳನ್ನು ಚೆಲ್ಲುವವರು ನಾರಿನ ಬಹುಪಾಲನ್ನು ಚೆಲ್ಲುತ್ತಿದ್ದಾರೆ. ಎರಡನೆಯದಾಗಿ, 25 ಗ್ರಾಂ ಎಂದರೆ ಆರೇಳು ಚಮಚ. ಅಷ್ಟು ಕಹಿಯನ್ನು ದಿನವೂ ತಿನ್ನಬಲ್ಲವರು ವಿರಳ, ತಿಂದವರಲ್ಲಿಯೂ ಹೊಟ್ಟೆಯುಬ್ಬರ ಮತ್ತು ಭೇದಿ ಸಾಮಾನ್ಯ. ದೋಸೆಹಿಟ್ಟಿಗೆ ಹಾಕುವ ಅರ್ಧ ಚಮಚಕ್ಕೆ ಈ ಪ್ರಯೋಗಗಳ ಫಲಿತಾಂಶವನ್ನು ಆರೋಪಿಸುವಂತಿಲ್ಲ.

ನಿಜವಾಗಿ ಅಷ್ಟು ಪ್ರಮಾಣ ತಿನ್ನುವವರಿಗೆ ಬೇರೊಂದು ಎಚ್ಚರ ಬೇಕು. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಪಡೆಯುವ ಮಧುಮೇಹಿಯಲ್ಲಿ ಆಹಾರದ ಸಕ್ಕರೆ ನಿಧಾನವಾಗಿ ಬರುತ್ತಿರುವಾಗ ಔಷಧಿ ತನ್ನ ಎಂದಿನ ವೇಗದಲ್ಲಿ ಕೆಲಸ ಮಾಡಿದರೆ ಸಕ್ಕರೆ ಅಪಾಯಕರ ಮಟ್ಟಕ್ಕೆ ಕುಸಿಯಬಹುದು. ಮೆಂತ್ಯ ಪರಿಣಾಮಕಾರಿ ಎಂದು ಒಪ್ಪುವುದಾದರೆ, ಔಷಧಿಯ ಪ್ರಮಾಣವನ್ನು ಅದಕ್ಕೆ ತಕ್ಕಂತೆ ವೈದ್ಯರು ಹೊಂದಿಸಬೇಕು ಎಂಬುದನ್ನೂ ಒಪ್ಪಲೇಬೇಕು. ಪರಿಣಾಮ ಇದೆ, ಆದರೆ ಅಡ್ಡಪರಿಣಾಮ ಇಲ್ಲ ಎಂಬ ಜಾಹೀರಾತಿನ ಮಾತು ತರ್ಕಕ್ಕೆ ನಿಲ್ಲುವುದಿಲ್ಲ.

ದಾಲ್ಚಿನ್ನಿಯ ಕತೆ ಇಷ್ಟು ಗಟ್ಟಿಯಲ್ಲ. ಪಾಕಿಸ್ತಾನದಲ್ಲಿ 60 ಮಧುಮೇಹಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನ ದೊಡ್ಡ ಭರವಸೆ ಹುಟ್ಟಿಸಿತು. ಆದರೆ ವೈದ್ಯಕೀಯ ಪುರಾವೆಗಳನ್ನು ಒಟ್ಟಾಗಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2012ರ ಸಮೀಕ್ಷೆ 10 ಪ್ರಯೋಗಗಳ 577 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದಾಗ ಅದನ್ನು ಮಧುಮೇಹಕ್ಕೆ ಶಿಫಾರಸು ಮಾಡುವಷ್ಟು ಪುರಾವೆ ಸಿಗಲಿಲ್ಲ. ಮೇಲಾಗಿ ನಮ್ಮ ಪೇಟೆಯಲ್ಲಿ ಚಕ್ಕೆ ಎಂದು ಸಿಗುವುದರಲ್ಲಿ ಬಹಳಷ್ಟು ಹೊರದೇಶದ ಕ್ಯಾಸಿಯಾ ತೊಗಟೆ. ಅದರಲ್ಲಿರುವ ಕೂಮರಿನ್ ಯಕೃತ್ತಿಗೆ ಒಳ್ಳೆಯದಲ್ಲವಾದ್ದರಿಂದ, ದೀರ್ಘಕಾಲ ಬಳಸುವುದಾದರೆ 60 ಕಿಲೋ ತೂಕದವರು ದಿನಕ್ಕೆ 2 ಗ್ರಾಂ ದಾಟಬಾರದೆಂಬುದು ಜರ್ಮನಿಯ ಆಹಾರ ಸುರಕ್ಷತಾ ಸಂಸ್ಥೆಯ ಸಲಹೆ. ಪುಲಾವಿನ ತುಂಡು ಚಕ್ಕೆಗೆ ಇದು ಅನ್ವಯಿಸದು, ದಿನವೂ ಚಮಚ ಚಕ್ಕೆಪುಡಿ ನೀರಿಗೆ ಬೆರೆಸಿ ಕುಡಿಯುವವರಿಗೆ ಅನ್ವಯಿಸುತ್ತದೆ. ಹಾಗಲಕಾಯಿಯ ಪುಡಿಯನ್ನು ಥಾಯ್ಲೆಂಡ್‌ನಲ್ಲಿ ಮಧುಮೇಹದ ಮಾತ್ರೆಯಾದ ಮೆಟ್‌ಫಾರ್ಮಿನ್ ಜೊತೆ ನೇರವಾಗಿ ಹೋಲಿಸಿದಾಗ, ಅದಕ್ಕೆ ಅಲ್ಪ ಪರಿಣಾಮವಿದ್ದರೂ ಮೆಟ್‌ಫಾರ್ಮಿನ್‌ಗಿಂತ ಹಿಂದೆ ಬಿತ್ತು. ಆ ಮೆಟ್‌ಫಾರ್ಮಿನ್‌ನ ಮೂಲವೂ ಯುರೋಪಿನ ಮನೆಮದ್ದಿನ ಗಿಡವೊಂದೇ, ಅದೂ ಮೆಂತ್ಯದ ಕುಟುಂಬಕ್ಕೆ ಸೇರಿದ್ದು ಎಂಬುದನ್ನು ಇಲ್ಲಿ ಹೇಳಬೇಕು. ಗಿಡದ ವಿಷಕಾರಿ ಅಂಶವನ್ನು ಬದಿಗಿಟ್ಟು, ಅದಕ್ಕೆ ಹತ್ತಿರದ ಸುರಕ್ಷಿತ ಅಣುವನ್ನು ರೂಪಿಸಲು ದಶಕಗಳೇ ಬೇಕಾದವು.

ರಸ ಹಿಂಡಿದಾಗ

ಪ್ರಮಾಣ ಬದಲಾದರೆ ಆಹಾರವೇ ಅಪಾಯವಾಗುವ ಬಗೆಯನ್ನು ಕರಾವಳಿಯವರಿಗೆ ಚಿರಪರಿಚಿತವಾದ ಬಿಂಬುಳಿ ಎಂಬ ಹುಳಿಕಾಯಿಯಲ್ಲಿ ಕಾಣಬಹುದು. ಮೀನಿನ ಸಾರಿಗೆ, ಉಪ್ಪಿನಕಾಯಿಗೆ ನಾಲ್ಕೈದು ಕಾಯಿ ಹಾಕುವುದು ಕೇರಳದಿಂದ ಉಡುಪಿಯವರೆಗೂ ರೂಢಿ. ಅದರ ರಸ ಕೊಬ್ಬನ್ನು ಕರಗಿಸುತ್ತದೆ ಎಂಬ ನಂಬಿಕೆಯಿಂದ ಕೊಲೆಸ್ಟರಾಲ್ ಇರುವವರು ಗಟ್ಟಿ ರಸವನ್ನು ಕುಡಿಯತೊಡಗಿದರು. ಕೇರಳದ ಐದು ಆಸ್ಪತ್ರೆಗಳಿಗೆ ಹೀಗೆ ರಸ ಕುಡಿದು ಮೂತ್ರಪಿಂಡ ಹಠಾತ್ತನೆ ಕೆಟ್ಟು ಬಂದ ಹತ್ತು ಮಂದಿಯ ವಿವರ 2013ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರಲ್ಲಿ ಏಳು ಮಂದಿಗೆ ಡಯಾಲಿಸಿಸ್ ಬೇಕಾಯಿತು. ಬಿಂಬುಳಿಯಲ್ಲಿರುವ ಆಕ್ಸಲೇಟ್ ಮೂತ್ರಪಿಂಡದ ಸೂಕ್ಷ್ಮ ನಳಿಕೆಗಳಲ್ಲಿ ಹರಳುಗಟ್ಟಿದ್ದೇ ಕಾರಣ. ಸಾರಿನಲ್ಲಿ ಕುದಿದ ಒಂದೆರಡು ಕಾಯಿಯ ಆಕ್ಸಲೇಟನ್ನು ದೇಹ ಸಂಭಾಳಿಸುತ್ತದೆ, ಹತ್ತಾರು ಕಾಯಿ ಹಿಂಡಿದ ಲೋಟವನ್ನು ಸಂಭಾಳಿಸಲಾರದು. ಮಧುಮೇಹದಿಂದ ಮೂತ್ರಪಿಂಡ ಆಗಲೇ ಅರೆಬರೆಯಾಗಿದ್ದವರಿಗಂತೂ ಹೊರೆ ಇನ್ನಷ್ಟು.

ಸೋರೆಕಾಯಿಯ ರಸವೂ ಇದೇ ಹಾದಿಯದು. 2010ರಲ್ಲಿ ದೆಹಲಿಯಲ್ಲಿ ಕಹಿಯಾದ ರಸ ಕುಡಿದ ವಿಜ್ಞಾನಿಯೊಬ್ಬರು ಮೃತಪಟ್ಟ ಬಳಿಕ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿ ನೇಮಿಸಿತು. ರಸ ಕಹಿಯಿದ್ದರೆ ಕುಡಿಯಲೇಬಾರದು, ಕುಡಿದು ವಾಂತಿ ಶುರುವಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು ಎಂಬುದು ಅದರ ಸಲಹೆ. ಕಹಿಯಿದ್ದಷ್ಟೂ ಮದ್ದು ಎಂಬ ಜನಜನಿತ ನಂಬಿಕೆ ಇಲ್ಲಿ ಪ್ರಾಣಕ್ಕೇ ಎರವಾಗಬಲ್ಲದು.

ಪರಂಪರೆಯ ವಾದ, ಪ್ರಯೋಗದ ವಾದ

ಮನೆಮದ್ದಿನ ಪರ ನಿಲ್ಲುವವರ ವಾದವನ್ನು ಅದರ ಬಲವಾದ ರೂಪದಲ್ಲಿಯೇ ಕೇಳಬೇಕು. ಶತಮಾನಗಳಿಂದ ಕೋಟ್ಯಂತರ ಜನ ಬಳಸಿ ಸುರಕ್ಷಿತವೆಂದು ಕಂಡುಕೊಂಡದ್ದಕ್ಕೆ ನಾಲ್ಕು ವಾರದ ಪ್ರಯೋಗದ ಮುದ್ರೆ ಏಕೆ ಬೇಕೆಂದು ಅವರು ಕೇಳುತ್ತಾರೆ. ಪೇಟೆಂಟ್ ಸಿಗದ ಮೆಂತ್ಯದ ಮೇಲೆ ದೊಡ್ಡ ಪ್ರಯೋಗಕ್ಕೆ ಹಣ ಹಾಕುವ ಕಂಪನಿ ಇಲ್ಲದಿರುವಾಗ, ಪುರಾವೆಯ ಕೊರತೆಯನ್ನೇ ನಿಷ್ಪ್ರಯೋಜಕತೆಯ ಪುರಾವೆಯಾಗಿಸುವುದು ಅನ್ಯಾಯವೆಂಬ ಮಾತಿನಲ್ಲಿಯೂ ಹುರುಳಿದೆ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಕೊಟ್ಟ ಪೇಟೆಂಟ್ ಅನ್ನು ನಮ್ಮ ವೈಜ್ಞಾನಿಕ ಸಂಶೋಧನಾ ಮಂಡಳಿ ಪ್ರಶ್ನಿಸಿ 1997ರಲ್ಲಿ ರದ್ದುಪಡಿಸಿದ ಹೋರಾಟದ ನೆನಪು ಈ ವಾದಕ್ಕೆ ಸ್ವಾಭಿಮಾನದ ಬಣ್ಣವನ್ನೂ ಕೊಟ್ಟಿದೆ.

ಎದುರು ಪಕ್ಷದ ಉತ್ತರ ಹೀಗಿದೆ. ಶತಮಾನಗಳ ಬಳಕೆಯಿಂದ ಸಾಬೀತಾಗಿರುವುದು ಅಡುಗೆಯ ಪ್ರಮಾಣದ ಸುರಕ್ಷತೆ. ಸಾಂದ್ರ ಗುಳಿಗೆಗೆ ಅಂಥ ಪರಂಪರೆಯೇ ಇಲ್ಲ; ಅದು ಈಚಿನ ಕೈಗಾರಿಕೆಯ ಕೂಸು. ದಿನವೂ ಐದು ಬಗೆಯ ಮಾತ್ರೆ ನುಂಗುವ ಎಪ್ಪತ್ತರ ವಯಸ್ಸಿನ ರೋಗಿಯೂ ಹಳೆಯ ಕಾಲದ ಅನುಭವದಲ್ಲಿ ಇರಲಿಲ್ಲ. ಮಧುಮೇಹ, ರಕ್ತದೊತ್ತಡಗಳು ವರ್ಷಗಟ್ಟಲೆ ನೋವಿಲ್ಲದೆ ಕೆಡಿಸುವುದರಿಂದ, ಮದ್ದು ಫಲಿಸಿತೇ ಎಂಬುದನ್ನು ಅನುಭವ ಹೇಳಲಾರದು, ಅಳತೆಯೇ ಹೇಳಬೇಕು. ಆಯುರ್ವೇದವನ್ನು ಶಿಸ್ತಿನಿಂದ ಓದಿದ ವೈದ್ಯರೂ ಪ್ರಕೃತಿ, ವಯಸ್ಸು, ಕಾಲ, ಅನುಪಾನ (ಮದ್ದಿನ ಜೊತೆ ಸೇವಿಸುವ ಪದಾರ್ಥ) ಇವುಗಳನ್ನು ನೋಡದೆ ಎಲ್ಲರಿಗೂ ಒಂದೇ ಚೂರ್ಣ ಎನ್ನುವುದಿಲ್ಲ. ಮೊಬೈಲಿನಲ್ಲಿ ಹರಿದಾಡುವ ಅರ್ಧ ನಿಮಿಷದ ಸಲಹೆ ಆಯುರ್ವೇದದ ಕ್ರಮಕ್ಕೂ ಹೊರಗಿನದು, ಆಧುನಿಕ ವೈದ್ಯಕೀಯದ ಕ್ರಮಕ್ಕೂ ಹೊರಗಿನದು.

ವಿಜ್ಞಾನದ ಪಾಳೆಯವೂ ಇಲ್ಲಿ ನಿಷ್ಕಳಂಕವಲ್ಲ. ಕರ್ಕ್ಯುಮಿನ್ ಕುರಿತ ಸಾವಿರಾರು ಪ್ರಬಂಧಗಳ ಮೇಲೆ ಕಟ್ಟಿದ ಉತ್ಸಾಹದಲ್ಲಿ ಒಂದು ಭಾಗ, ಅಮೆರಿಕದ ಹೆಸರಾಂತ ಕ್ಯಾನ್ಸರ್ ಕೇಂದ್ರವೊಂದರ ಪ್ರಮುಖ ಸಂಶೋಧಕರ ಹತ್ತಾರು ಪ್ರಬಂಧಗಳನ್ನು ದೋಷಗಳ ಕಾರಣ ಹಿಂಪಡೆದ ಮೇಲೆ ಕುಸಿಯಿತು. ಔಷಧ ರಸಾಯನಶಾಸ್ತ್ರದ ಪತ್ರಿಕೆಯೊಂದರಲ್ಲಿ 2017ರಲ್ಲಿ ಬಂದ ದೀರ್ಘ ವಿಮರ್ಶೆ, ಈ ಅಣು ಅಸ್ಥಿರವಾದದ್ದೆಂದೂ ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಸುಳ್ಳು ಫಲಿತಾಂಶ ಕೊಡುವ ಸ್ವಭಾವದ್ದೆಂದೂ ತೋರಿಸಿತು.

ಸದ್ದಿಲ್ಲದ ಪದಾರ್ಥಗಳು

ಹಾಗಾದರೆ ಅಡುಗೆಮನೆಯಿಂದ ದೀರ್ಘಕಾಲದ ಕಾಯಿಲೆಗೆ ಪ್ರಯೋಜನವೇ ಇಲ್ಲವೆ? ಇದೆ, ಮತ್ತು ದೊಡ್ಡದೇ ಇದೆ. ಅದು ಚಿಟಿಕೆಯ ಡಬ್ಬಿಯಲ್ಲಿಲ್ಲ, ಉಪ್ಪಿನ ಭರಣಿಯಲ್ಲಿಯೂ ಅಕ್ಕಿಯ ಡಬ್ಬದಲ್ಲಿಯೂ ಇದೆ.

ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅರ್ಧದಷ್ಟು ಹಳ್ಳಿಗಳ ಅಡುಗೆಮನೆಗೆ ಸಾಮಾನ್ಯ ಉಪ್ಪಿನ ಬದಲು ನಾಲ್ಕನೇ ಒಂದು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪನ್ನು ಕೊಡಲಾಯಿತು. ಭಾಗವಹಿಸಿದವರು ಹಿಂದೆ ಪಾರ್ಶ್ವವಾಯು ಆಗಿದ್ದವರು ಅಥವಾ 60 ದಾಟಿದ ರಕ್ತದೊತ್ತಡದ ರೋಗಿಗಳು. ಸುಮಾರು ಐದು ವರ್ಷಗಳಲ್ಲಿ ಪಾರ್ಶ್ವವಾಯು ಶೇ 14ರಷ್ಟು, ಸಾವು ಶೇ 12ರಷ್ಟು ಕಡಿಮೆಯಾದವು. ಅರಿಶಿನ, ಮೆಂತ್ಯ, ಚಕ್ಕೆಗಳ ಯಾವ ಪ್ರಯೋಗವೂ ಇಷ್ಟು ಜನರಲ್ಲಿ, ಇಷ್ಟು ಕಾಲ, ಸಾವಿನ ಲೆಕ್ಕದವರೆಗೆ ಹೋಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಇಂಥ ಬದಲಿ ಉಪ್ಪನ್ನು ವಯಸ್ಕರಿಗೆ ಶಿಫಾರಸು ಮಾಡುವಾಗ ಮೂತ್ರಪಿಂಡದ ಕಾಯಿಲೆಯವರನ್ನು ಹೊರಗಿಟ್ಟಿತು; ಅವರ ದೇಹದಲ್ಲಿ ಪೊಟ್ಯಾಸಿಯಂ ಉಳಿದುಬಿಟ್ಟರೆ ಹೃದಯದ ಬಡಿತವೇ ತಪ್ಪಬಹುದು.

ಸಾಂಬಾರ ಪದಾರ್ಥಗಳ ನಿಜವಾದ ಉಪಕಾರ ಬಹುಶಃ ಇಲ್ಲಿಯೇ ಅಡಗಿದೆ. ನಮ್ಮ ಉಪ್ಪಿನ ಬಹುಭಾಗ ಮನೆಯ ಅಡುಗೆಯಿಂದ, ಉಪ್ಪಿನಕಾಯಿ ಹಪ್ಪಳಗಳಿಂದ ಬರುವಾಗ, ಹುಣಸೆಹುಳಿ, ನಿಂಬೆ, ಜೀರಿಗೆ, ಮೆಣಸು, ಬೆಳ್ಳುಳ್ಳಿಗಳಿಂದ ರುಚಿ ಕಟ್ಟಿದ ಸಾರಿಗೆ ಕಡಿಮೆ ಉಪ್ಪು ಸಾಕಾಗುತ್ತದೆ. ಈರುಳ್ಳಿ ಬೆಳ್ಳುಳ್ಳಿಗಳು ಧಾನ್ಯ ಮತ್ತು ಬೇಳೆಯಲ್ಲಿರುವ ಕಬ್ಬಿಣ, ಸತುಗಳನ್ನು ದೇಹಕ್ಕೆ ಹೆಚ್ಚು ಸಿಗುವಂತೆ ಮಾಡಬಹುದೆಂದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳು ಪ್ರಯೋಗಾಲಯದ ಕೃತಕ ಜೀರ್ಣಕ್ರಿಯೆಯಲ್ಲಿ ತೋರಿಸಿದ್ದಾರೆ.

ಮಧುಮೇಹಕ್ಕೆ ಬಂದರೆ, 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಅದೇ ಸಮೀಕ್ಷೆಯ ಆಹಾರದ ಭಾಗ 2025ರಲ್ಲಿ ಪ್ರಕಟವಾದಾಗ, ಭಾರತೀಯರು ತಮ್ಮ ಶಕ್ತಿಯ ಶೇ 62ರಷ್ಟನ್ನು ಪಿಷ್ಟ ಮತ್ತು ಸಕ್ಕರೆಯಿಂದ ಪಡೆಯುತ್ತಾರೆಂದು ತಿಳಿದುಬಂತು. ಕರ್ನಾಟಕದ ಓದುಗರು ವಿಶೇಷವಾಗಿ ಗಮನಿಸಬೇಕಾದ ಅಂಶವೆಂದರೆ, ಒಟ್ಟು ಪಿಷ್ಟವನ್ನು ತಗ್ಗಿಸದೆ, ನಯವಾದ ಧಾನ್ಯದ ಬದಲು ಗೋಧಿಹಿಟ್ಟು ಅಥವಾ ಸಿರಿಧಾನ್ಯದ ಹಿಟ್ಟಿಗೆ ಬದಲಾಯಿಸಿಕೊಂಡರಷ್ಟೇ ಮಧುಮೇಹದ ಸಾಧ್ಯತೆ ತಗ್ಗಿದಂತೆ ಕಾಣಲಿಲ್ಲ. ಪಿಷ್ಟದ ಒಂದು ಪಾಲನ್ನು ಬೇಳೆಕಾಳು ಅಥವಾ ಹಾಲು ಮೊಸರಿನ ಪ್ರೋಟೀನಿಗೆ ಬಿಟ್ಟುಕೊಟ್ಟಾಗ ಸಾಧ್ಯತೆ ತಗ್ಗಿತು. ಎರಡು ಮುದ್ದೆಯ ಜಾಗದಲ್ಲಿ ಒಂದು ಮುದ್ದೆ, ಮಿಕ್ಕ ಜಾಗಕ್ಕೆ ದಪ್ಪ ಹುರುಳಿ ಬಸ್ಸಾರು ಅಥವಾ ಕಾಳಿನ ಉಸಲಿ ಎಂಬ ಬದಲಾವಣೆ ಈ ಲೆಕ್ಕಕ್ಕೆ ಒಪ್ಪುತ್ತದೆ. ಇದರಲ್ಲಿ ಮಾರುವಂಥದ್ದೇನೂ ಇಲ್ಲದ ಕಾರಣ ಇದಕ್ಕೆ ಜಾಹೀರಾತೂ ಇಲ್ಲ.

ಕಾನೂನಿನ ಸಂದುಗಳು

ಮಧುಮೇಹ, ಕ್ಯಾನ್ಸರ್, ರಕ್ತದೊತ್ತಡ ಮುಂತಾದ ಕಾಯಿಲೆಗಳನ್ನು ಗುಣಪಡಿಸುವುದಾಗಿ ಔಷಧಿಯ ಜಾಹೀರಾತು ಕೊಡುವುದನ್ನು 1954ರ ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸುತ್ತದೆ. ಆದರೆ ಒಂದೇ ಅರಿಶಿನ ಪೊಟ್ಟಣದಲ್ಲಿ ಸಾಂಬಾರ ಪದಾರ್ಥ, ಪೋಷಕಾಂಶದ ಗುಳಿಗೆಯಾದಾಗ ಆಹಾರ ಸುರಕ್ಷತಾ ಪ್ರಾಧಿಕಾರದ ಅಡಿಯ ವಸ್ತು, ಆಯುರ್ವೇದ ಪರವಾನಗಿ ಪಡೆದಾಗ ಆಯುಷ್ ಔಷಧಿ. ಮೂರಕ್ಕೂ ಪರೀಕ್ಷೆಯ ಮಟ್ಟ ಬೇರೆ, ಉಸ್ತುವಾರಿ ಬೇರೆ. ಏನನ್ನೂ ಮಾರದೆ ಮನೆಮದ್ದು ಹೇಳುವ ವೀಡಿಯೊವನ್ನು ಜಾಹೀರಾತು ಎನ್ನುವುದೂ ಕಷ್ಟ.

ಆಯುಷ್ ಔಷಧಿಗಳ ಜಾಹೀರಾತಿಗೆ ಪೂರ್ವಾನುಮತಿ ಕಡ್ಡಾಯಗೊಳಿಸಿದ್ದ 170ನೇ ನಿಯಮವನ್ನು ಕೇಂದ್ರ ಸರ್ಕಾರ 2024ರ ಜುಲೈನಲ್ಲಿ ಕೈಬಿಟ್ಟಿತು. ಪತಂಜಲಿ ಜಾಹೀರಾತುಗಳ ವಿರುದ್ಧ ಭಾರತೀಯ ವೈದ್ಯಕೀಯ ಸಂಘ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮರುತಿಂಗಳೇ ಅದಕ್ಕೆ ತಡೆ ಕೊಟ್ಟಿತು, 2025ರ ಆಗಸ್ಟ್‌ನಲ್ಲಿ ಪ್ರಕರಣವನ್ನು ಮುಕ್ತಾಯಗೊಳಿಸಿದಾಗ ತಡೆಯೂ ತೆರವಾಯಿತು. 1954ರ ಕಾಯ್ದೆಯಡಿ ಜನರ ದೂರು ಸ್ವೀಕರಿಸುವ ವ್ಯವಸ್ಥೆಯನ್ನು ರಾಜ್ಯಗಳು ಮಾಡಬೇಕೆಂದು ನ್ಯಾಯಾಲಯ ಅದಕ್ಕೂ ಮುಂಚೆ, 2025ರ ಮಾರ್ಚ್‌ನಲ್ಲಿ, ನಿರ್ದೇಶಿಸಿತ್ತು. ಒಟ್ಟಿನಲ್ಲಿ, ಜಾಹೀರಾತನ್ನು ಪ್ರಕಟಣೆಗೆ ಮುಂಚೆ ತಡೆಯುವ ಹೊಣೆ ಸಡಿಲವಾಗಿ, ಪ್ರಕಟವಾದ ಮೇಲೆ ದೂರು ಕೊಡುವ ಹೊಣೆ ಓದುಗರ ಹೆಗಲಿಗೆ ಬಂದಿದೆ.

ಮುಂದೆ ಆಗಬಹುದಾದದ್ದು

ಮಾರುಕಟ್ಟೆ ಈಗಾಗಲೇ ಅರಿಶಿನವನ್ನು ಕರ್ಕ್ಯುಮಿನ್‌ನ ಶೇಕಡಾವಾರಿನಿಂದ ಅಳೆಯತೊಡಗಿದೆ. ನಿಜಾಮಾಬಾದಿನಲ್ಲಿ 2025ರ ಜನವರಿಯಲ್ಲಿ ರಾಷ್ಟ್ರೀಯ ಅರಿಶಿನ ಮಂಡಳಿ ಆರಂಭವಾಗಿರುವುದರಿಂದ ಚಾಮರಾಜನಗರದಂಥ ಬೆಳೆಗಾರ ಜಿಲ್ಲೆಗಳಿಗೂ ಹೊಸ ಬೇಡಿಕೆ ತಲುಪಬಹುದು. ಬೆಲೆ ಬಣ್ಣವನ್ನು ಹಿಂಬಾಲಿಸಿದಲ್ಲೆಲ್ಲ ಕಲಬೆರಕೆಯೂ ಹಿಂಬಾಲಿಸಿದೆ. ಹಳದಿ ಹೊಳಪಿಗಾಗಿ ಬೆರೆಸುವ ಸೀಸದ ಕ್ರೋಮೇಟ್ ಬಾಂಗ್ಲಾದೇಶದಲ್ಲಿ 2019ರಲ್ಲಿ ಪೇಟೆಯ ಅರಿಶಿನದ ಶೇ 47ರಷ್ಟು ಮಾದರಿಗಳಲ್ಲಿ ಸಿಕ್ಕಿತ್ತು. ಸರ್ಕಾರ ದಾಳಿ ಮತ್ತು ಪ್ರಚಾರಗಳನ್ನು ಒಟ್ಟಿಗೆ ನಡೆಸಿ 2021ರ ವೇಳೆಗೆ ಅದನ್ನು ಸೊನ್ನೆಗೆ ತಂದಿತು. ದಕ್ಷಿಣ ಏಷ್ಯಾದ ನಗರಗಳ ಈಚಿನ ಅಧ್ಯಯನವೊಂದರಲ್ಲಿ ಪಾಟ್ನಾದ ಮಾದರಿಗಳಲ್ಲಿಯೂ ಮಿತಿಮೀರಿದ ಸೀಸ ಕಂಡುಬಂದಿದೆ. ಸೀಸ ರಕ್ತದೊತ್ತಡವನ್ನು ಏರಿಸುತ್ತದೆ, ಮೂತ್ರಪಿಂಡವನ್ನು ಕೆಡಿಸುತ್ತದೆ. ಆರೋಗ್ಯಕ್ಕೆಂದು ದಿನಕ್ಕೆ ಎರಡು ಚಮಚ ಹೆಚ್ಚುವರಿ ಅರಿಶಿನ ಸೇವಿಸುವವರಿಗೆ ಸೀಸದ ಪ್ರಮಾಣವೂ ಅದೇ ಅನುಪಾತದಲ್ಲಿ ಏರುತ್ತದೆ.

ರೋಗಿಯ ಮಟ್ಟದಲ್ಲಿ ಬಹಳ ಸಾಮಾನ್ಯವಾದ ಹಾನಿ ವಿಷಬಾಧೆಯಲ್ಲ, ವಿಳಂಬ. ಮನೆಮದ್ದು ಶುರುಮಾಡಿದ ಮೂರು ತಿಂಗಳು ಸಕ್ಕರೆಯ ಮಾತ್ರೆ ನಿಂತಿದ್ದರೆ, ಕಣ್ಣು, ನರ, ಮೂತ್ರಪಿಂಡಗಳಿಗೆ ಆ ಅವಧಿಯಲ್ಲಿ ಆದ ನಷ್ಟ ರೋಗಿಯ ಅರಿವಿಗೆ ಬರುವುದು ವರ್ಷಗಳ ನಂತರ. ಮಾತ್ರೆ ನಿಲ್ಲಿಸದೆ ಮೆಂತ್ಯವನ್ನೋ ಗುಳಿಗೆಯನ್ನೋ ಸೇರಿಸಿಕೊಂಡವರ ಪೈಕಿ ಬಹಳಷ್ಟು ಜನ ಅದನ್ನು ವೈದ್ಯರಿಗೆ ಹೇಳುವುದಿಲ್ಲ, ಬೈದಾರೆಂಬ ಅಳುಕಿನಿಂದ. ವೈದ್ಯರಿಗೂ ಕೇಳುವ ಪುರುಸೊತ್ತಿಲ್ಲ. ಹೀಗಾಗಿ ಯಕೃತ್ತಿನ ಕಿಣ್ವಗಳು ಏರಿದಾಗ ಕಾರಣ ಹುಡುಕುವುದು ಕಷ್ಟವಾಗುತ್ತದೆ, ಸಕ್ಕರೆ ಕುಸಿದಾಗ ದೋಷ ಮಾತ್ರೆಯ ಮೇಲೆ ಬೀಳುತ್ತದೆ, ನಿಜವಾಗಿ ಉಪಕಾರ ಮಾಡಿದ ಪದಾರ್ಥವಿದ್ದರೂ ಅದರ ಗುಣ ಎಲ್ಲಿಯೂ ದಾಖಲಾಗುವುದಿಲ್ಲ. ಗುಳಿಗೆಯ ಡಬ್ಬಿಯನ್ನೂ ಪುಡಿಯ ಪೊಟ್ಟಣವನ್ನೂ ಮಾತ್ರೆಗಳ ಚೀಟಿಯ ಜೊತೆಯಲ್ಲಿಯೇ ವೈದ್ಯರ ಮೇಜಿನ ಮೇಲಿಡುವುದು, ಶುರುಮಾಡುವ ಮೊದಲು ಮತ್ತು ಮೂರು ತಿಂಗಳ ನಂತರ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ), ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸದ ಅಳತೆ), ಯಕೃತ್ತಿನ ಕಿಣ್ವಗಳನ್ನು ಅಳೆಯಿಸುವುದು, ಸಂಖ್ಯೆ ಬದಲಾದರೆ ಯಾವ ಔಷಧಿಯನ್ನು ಎಷ್ಟು ತಗ್ಗಿಸಬಹುದೆಂದು ಅವರನ್ನೇ ಕೇಳುವುದು, ಇಷ್ಟು ಮಾಡಲು ಹೊಸ ಕಾನೂನಾಗಲಿ ಹೊಸ ಸಂಶೋಧನೆಯಾಗಲಿ ಬೇಕಾಗಿಲ್ಲ.